ಗೆರೆ ಮುಟ್ಟಿದ ಸಹಿ

ಅವರ ಮುಖ ನೋಡುವ ಮೊದಲೇ ನಾನು ಅವರ ಅಕ್ಷರ ನೋಡಿ ಬೈದುಕೊಂಡಿದ್ದೆ.

ನಾನು ಕೂರುವುದು ಕಾಲೇಜಿನ ನೆಲಮಹಡಿಯ ಮೂರನೇ ಕೌಂಟರಿನಲ್ಲಿ. ತಲೆಯ ಮೇಲೆ ‘ಸರ್ಕಾರಿ ವಿದ್ಯಾರ್ಥಿ ಸಾಲ: ಅರ್ಜಿ ಇಲ್ಲಿ ಕೊಡಿ’ ಎಂಬ ಬೋರ್ಡು. ಸೀಟು ಸಿಕ್ಕಿ ಫೀಸಿಗೆ ದಾರಿ ಕಾಣದವರೆಲ್ಲ ನನ್ನ ಗಾಜಿನ ಕಿಟಕಿಗೇ ಬರಬೇಕು. ಎಂಟು ಪುಟದ ಫಾರ್ಮು, ಒಂದೊಂದು ಅಕ್ಷರಕ್ಕೂ ಒಂದೊಂದು ಚೌಕ. ಅದನ್ನು ನೋಡಿ, ಸರಿಯಿದ್ದರೆ ಮುಖ್ಯ ಕಚೇರಿಗೆ ಕಳಿಸುವುದು ನನ್ನ ಕೆಲಸ. ಅಲ್ಲಿ ಒಂದು ಮಷೀನು ಕೂತು ಅವನ್ನೆಲ್ಲ ಓದುತ್ತದೆ. ಓದಲಾಗದ್ದನ್ನು ಯಾವ ಮುಲಾಜೂ ಇಲ್ಲದೆ ವಾಪಸ್ ಕಳಿಸುತ್ತದೆ.

ನಾನು ರಜೆಯಲ್ಲಿದ್ದ ದಿನ ಯಾರೋ ನೋಡದೆ ಕಳಿಸಿದ್ದ ಒಂದು ಫಾರ್ಮು ಹಾಗೆ ವಾಪಸ್ ಬಂತು. ‘ಏನೂ ಬರೆದಿಲ್ಲ’ ಎಂದು ಮೇಲೆ ಮೊಹರು. ನನಗೂ ಚೌಕಗಳು ಖಾಲಿಯಾಗಿಯೇ ಕಂಡವು. ಕಿಟಕಿಯ ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಪ್ರತಿ ಚೌಕದ ಮೂಲೆಯಲ್ಲೂ ಸಾಸಿವೆಯಷ್ಟು ಒಂದಕ್ಷರ ಮುದುರಿ ಕೂತಿತ್ತು.

“ಇದೇನು ಮೇಡಂ, ಇರುವೆ ಬರೆದಿದೆಯಾ?” ಎಂದು ಪಕ್ಕದ ಟೇಬಲ್ಲಿನ ದೊಡ್ಡ ಮೇಡಂಗೆ ತೋರಿಸಿದೆ. ಅವರು ನಮ್ಮ ವಿಭಾಗದ ಮುಖ್ಯಸ್ಥೆ. ಕನ್ನಡಕ ಮೇಲೆ ಸರಿಸಿ, ಕೆಳಗೆ ಸರಿಸಿ, ಕೊನೆಗೆ ತೆಗೆದೇ ಇಟ್ಟರು. ಫೋನ್ ನಂಬರಿನ ಹತ್ತು ಅಂಕೆ ಓದುವಷ್ಟರಲ್ಲಿ ನಮ್ಮಿಬ್ಬರಿಗೂ ಸಾಕುಸಾಕಾಯಿತು. ಆ ನಂಬರಿಗೆ ಫೋನ್ ಮಾಡಿ ಬರಹೇಳಿದೆವು.

ಮರುದಿನ ಕಿಟಕಿಯ ಆಚೆ ಎತ್ತರದ, ತೆಳ್ಳಗಿನ ಒಬ್ಬರು ಬಂದು ನಿಂತರು. ಬಲಗಣ್ಣಿನ ಸುತ್ತ ದುಂಡಗೆ ಒಂದು ಗುರುತು.

“ಮೇಡಂ, ಸಣ್ಣ ಅಕ್ಷರದವನು ನಾನೇ.”

ಬೈಯಬೇಕೆಂದು ಬೆಳಿಗ್ಗೆಯಿಂದ ಕೂಡಿಟ್ಟ ಮಾತೆಲ್ಲ ಮರೆತೇಹೋಯಿತು. ತಪ್ಪು ಒಪ್ಪಿಕೊಂಡು ಬರುವವರು ನನ್ನ ಕಿಟಕಿಗೆ ವರ್ಷಕ್ಕೆ ಒಬ್ಬರೋ ಇಬ್ಬರೋ.

“ಇಷ್ಟು ಸಣ್ಣದಾಗಿ ಯಾಕ್ರೀ ಬರೀತೀರಿ? ಪೆನ್ನಿಗೆ ಏನಾದ್ರೂ ಹರಕೆ ಹೊತ್ತಿದ್ದೀರಾ?”

“ವಾಚ್ ರಿಪೇರಿ ಮಾಡ್ತೀನಿ ಮೇಡಂ. ಒಂದೊಂದು ವಾಚಿಗೂ ಹಿಂದಿನ ಮುಚ್ಚಳದ ಒಳಗೆ ಸೂಜಿಯಲ್ಲಿ ಬರೆದಿಡಬೇಕು. ಯಾವತ್ತು ಬಿಚ್ಚಿದ್ವಿ, ಏನು ಮಾಡಿದ್ವಿ ಅಂತ. ತಾತ ಹೇಳಿಕೊಟ್ಟಿದ್ದು. ಹತ್ತು ವರ್ಷ ಅದೇ ಬರೆದೂ ಬರೆದೂ ಕೈ ಹಾಗಾಗಿಬಿಟ್ಟಿದೆ.”

“ಒಳಗೆ ಬರೆದ್ರೆ ಯಾರು ಓದ್ತಾರೆ?”

“ಮುಂದಿನ ಸಲ ಬಿಚ್ಚೋರು.”

ಹೇಳಿ ನಕ್ಕರು. ಕಣ್ಣಿನ ಸುತ್ತಲ ಗುರುತು ಎಲ್ಲಿಂದ ಬಂತು ಎಂದು ಆಗ ಹೊಳೆಯಿತು. ದಿನವಿಡೀ ಅಲ್ಲಿ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಕಣ್ಣದು. ಆ ಕಣ್ಣು ನನ್ನನ್ನು ನೋಡುವಾಗಲೂ ಒಳಗಿನ ಯಾವುದೋ ಪುಟ್ಟ ಚಕ್ರ ಹುಡುಕುವ ಹಾಗೆ ನೋಡುತ್ತಿತ್ತು. ನಾನು ಸುಮ್ಮನೆ ಸ್ಟೇಪ್ಲರ್ ಎತ್ತಿ ಈ ಕಡೆಯಿಂದ ಆ ಕಡೆಗಿಟ್ಟೆ.

ಹೊಸ ಫಾರ್ಮು ಕೊಟ್ಟು, ಪಕ್ಕದ ಬೆಂಚಿನಲ್ಲಿ ಕೂರಿಸಿಕೊಂಡು ಬರೆಸಿದೆ. “ಇನ್ನೂ ದೊಡ್ಡದು. ಇನ್ನೂ. ಚೌಕಕ್ಕೆ ನೀವೇ ಬಾಡಿಗೆ ಕಟ್ಟಿದ್ದೀರಿ, ಪೂರ್ತಿ ಮನೇಲಿ ಇರಿ, ಮೂಲೇಲಿ ಯಾಕೆ?” ಎಂದೆ. ಅವರು ನಗುತ್ತಾ ಅಕ್ಷರ ಹಿಗ್ಗಿಸಿದರು. ಎರಡು ಪುಟ ಚೆನ್ನಾಗಿ ಸಾಗಿತು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅಕ್ಷರಗಳು ಮತ್ತೆ ಮೂಲೆ ಸೇರಿದ್ದವು. ಆ ಫಾರ್ಮೂ ಹಾಳು.

ಬರೆಯುತ್ತಲೇ ಅವರು ತಮ್ಮ ವಿಷಯ ಹೇಳಿದರು. ಸೀಟು ಸಿಕ್ಕಿದ್ದು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಕೋರ್ಸಿಗೆ. ಮೂರು ವರ್ಷ ಪರೀಕ್ಷೆ ಬರೆದು ಈ ಸಲ ಸಿಕ್ಕಿದೆ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಈ ಸಾಲ ಮಂಜೂರಾದರೆ ಓದು, ಇಲ್ಲದಿದ್ದರೆ ಇಲ್ಲ.

“ತಾತನ ಎದೆಯೊಳಗೆ ಒಂದು ಸಣ್ಣ ಮಷೀನ್ ಇಟ್ಟಿದ್ದಾರೆ ಮೇಡಂ. ಅದರ ತಪಾಸಣೆಗೆ ಹೋದಾಗಲೆಲ್ಲ ನನಗೆ ಒಂದೇ ಆಸೆ, ಅದನ್ನೊಂದು ಸಲ ಬಿಚ್ಚಿ ನೋಡಬೇಕು ಅಂತ.”

“ತಾತ ಇರುವಾಗಲೇನಾ?”

“ತಾತನೂ ಇದನ್ನೇ ಕೇಳಿದ್ರು.”

ದೊಡ್ಡ ಮೇಡಂ ಫೈಲಿನಿಂದ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಕಚೇರಿಯಲ್ಲಿ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ಅಂದಿನಿಂದ ನನ್ನ ಮತ್ತು ಮೇಡಂ ನಡುವೆ ಈ ವಾಚಿನವರಿಗೆ ‘ಸಾಸಿವೆ’ ಎಂದೇ ಹೆಸರಾಯಿತು.

ಮುಂದಿನ ಸೋಮವಾರ ಸಾಸಿವೆಯವರು ಮತ್ತೆ ಬಂದರು. ಫಾರ್ಮು ಮನೆಯಲ್ಲೇ ತುಂಬಿ ತಂದಿದ್ದರು. ದುಂಡಗೆ, ಕಪ್ಪಗೆ, ಚೌಕದ ತುಂಬ ಅಕ್ಷರ. ಜಾಮೀನಿನ ಜಾಗದಲ್ಲಿ ತಾತನ ಸಹಿ. ಆದಾಯ ಪತ್ರ, ಸೀಟಿನ ಪತ್ರ, ಫೋಟೊ ಎಲ್ಲ ಇರಬೇಕಾದ ಕಡೆ ಇದ್ದವು. ಮೊದಲ ಪುಟದಿಂದ ಎಂಟನೇ ಪುಟದವರೆಗೆ ಎರಡು ಸಲ ನೋಡಿದೆ. ಎಳ್ಳಷ್ಟೂ ತಪ್ಪಿರಲಿಲ್ಲ.

ಮೊಹರು ಕೈಗೆತ್ತಿಕೊಂಡೆ. ಇದನ್ನು ಒತ್ತಿದರೆ ಮುಗಿಯಿತು, ಇನ್ನು ಇವರು ಈ ಕಿಟಕಿಗೆ ಬರುವುದಿಲ್ಲ ಎಂದು ಆ ಗಳಿಗೆಯಲ್ಲೇ ಯಾಕೆ ಹೊಳೆಯಬೇಕಿತ್ತೋ ಕಾಣೆ. ಕೊನೆಯ ದಿನ ಶುಕ್ರವಾರ, ಇನ್ನೂ ನಾಲ್ಕು ದಿನ ಇದೆ ಎಂದು ಮನಸ್ಸು ಲೆಕ್ಕ ಹಾಕಿತು.

“ಸಹಿ ಗೆರೆ ಮುಟ್ಟಿದೆ,” ಎಂದೆ.

“ಹಾಂ?”

“ಸಹಿ ಚೌಕದ ಗೆರೆ ಮುಟ್ಟಬಾರದು. ನಿಯಮ.”

ಅಂಥ ನಿಯಮ ಎಲ್ಲೂ ಇಲ್ಲ. ಇದ್ದರೂ ಆ ಸಹಿ ಗೆರೆಯಿಂದ ಬೆರಳಗಲ ದೂರವಿತ್ತು. ಕೂದಲೆಳೆಯಷ್ಟರ ವ್ಯತ್ಯಾಸ ಕಾಣುವ ಆ ಕಣ್ಣು ಫಾರ್ಮನ್ನು ನೋಡಿತು, ನನ್ನನ್ನು ನೋಡಿತು. ನಾನು ಮತ್ತೆ ಸ್ಟೇಪ್ಲರ್ ಎತ್ತಿಟ್ಟೆ.

“ಸರಿ ಮೇಡಂ. ಹೊಸದು ಕೊಡಿ. ಎಲ್ಲ ತುಂಬಿಸಿ ಗುರುವಾರ ತರ್ತೀನಿ. ಸಹಿ ಮಾತ್ರ ನಿಮ್ಮ ಮುಂದೇನೇ ಹಾಕ್ತೀನಿ. ಯಾಕೆ ರಿಸ್ಕು?”

ಹೊರಟವರು ತಿರುಗಿ ನಿಂತರು. “ನಿಮ್ಮ ವಾಚು ಹತ್ತು ನಿಮಿಷ ಹಿಂದಿದೆ.”

ಅಪ್ಪ ಫೋನು ಕೊಂಡ ದಿನ ಕೈಯಿಂದ ಬಿಚ್ಚಿ ನನಗೆ ಕೊಟ್ಟ ಹಳೆಯ ವಾಚು ಅದು. ವರ್ಷಗಳಿಂದ ಹಾಗೇ ಹಿಂದೆ ಓಡುತ್ತಿತ್ತು. ಹತ್ತು ನಿಮಿಷ ಸೇರಿಸಿಕೊಂಡು ಬದುಕುವುದು ನನಗೆ ರೂಢಿಯಾಗಿತ್ತು.

“ಗುರುವಾರ ಬರ್ತೀನಲ್ಲ, ಆಗ ತಂದುಕೊಡ್ತೀನಿ,” ಎಂದು ಕಿಟಕಿಯ ಸಂದಿಯಲ್ಲಿ ಕೈ ಚಾಚಿದರು. ಬಿಚ್ಚಿ ಕೊಟ್ಟೆ. ಆವತ್ತು ಸಂಜೆ ಮಣಿಕಟ್ಟು ಬೆತ್ತಲಾದಂತೆ ಅನಿಸಿ ಮೂರು ಸಲ ಮುಟ್ಟಿ ನೋಡಿಕೊಂಡೆ. ಮನಸ್ಸು ಮಾತ್ರ ಹಗುರಾಗಿತ್ತು, ಗುರುವಾರ ಇತ್ತಲ್ಲ.

ಬುಧವಾರ ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆ. ದೊಡ್ಡ ಮೇಡಂ ಒಂದು ಸುತ್ತೋಲೆ ಹಿಡಿದು ಬಂದರು.

“ಈ ಸಲ ಅರ್ಜಿ ಜಾಸ್ತಿ ಬಂದಿವೆಯಂತೆ. ಶುಕ್ರವಾರ ಅಲ್ಲ, ಇವತ್ತೇ ಕೊನೆ. ನಾಲ್ಕು ಗಂಟೆಗೆ ಮುಖ್ಯ ಕಚೇರಿ ಗಾಡಿ ಬಂದು ಚೀಲ ತಗೊಂಡು ಹೋಗುತ್ತೆ. ನಮ್ಮದು ಎಲ್ಲ ಇದೆ ತಾನೆ?”

ನನ್ನ ಕೈಯಲ್ಲಿದ್ದ ತುತ್ತು ಡಬ್ಬಿಗೇ ಬಿತ್ತು.

“ಸಾಸಿವೆಯದು ಎಲ್ಲಿ? ಸೋಮವಾರ ನಾನೂ ಈ ಕಡೆಯಿಂದ ಇಣುಕಿದ್ದೆ. ಸರಿಯಾಗಿತ್ತಲ್ಲ?”

“ಸರಿಯಾಗಿತ್ತು ಮೇಡಂ. ನಾನೇ ವಾಪಸ್ ಕೊಟ್ಟೆ.”

ಅವರು ಯಾಕೆ ಎಂದು ಕೇಳಲಿಲ್ಲ. ನನ್ನ ಮುಖ ನೋಡಿದರು, ಗೋಡೆಯ ಗಡಿಯಾರ ನೋಡಿದರು. “ಎರಡೂವರೆ ಆಗಿದೆ. ಕೌಂಟರ್ ನಾನು ನೋಡ್ಕೋತೀನಿ,” ಎಂದರು.

ಹಾಳಾದ ಹಳೆಯ ಫಾರ್ಮು ಹುಡುಕಿ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ತಾತ. “ಅಂಗಡಿ ತೆಗೆದಿದೆ, ಬನ್ನಿ,” ಎಂದರು. ಮೊಮ್ಮಗ ಎಲ್ಲಿ ಎಂದರೆ, “ಗೋಡೆ ಗಡಿಯಾರಾನೂ ಮಾಡ್ತೀವಿ, ಬನ್ನಿ,” ಎಂದರು. ಮೂರನೇ ಸಲ ಕಿರುಚಿದ ಮೇಲೆ, “ಫೋನಿನ ಕಿವಿ ಸರಿಯಿಲ್ಲಮ್ಮ, ಬಂದು ಮಾತಾಡಿ,” ಎಂದು ಇಟ್ಟೇಬಿಟ್ಟರು. ಫಾರ್ಮಿನಲ್ಲಿದ್ದ ಅಂಗಡಿ ವಿಳಾಸ ಹಿಡಿದು, ಚಪ್ಪಲಿ ಮೆಟ್ಟಿ ಓಡಿದೆ.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಗೆ ಬಾಗಿಲಿಟ್ಟಂತಿತ್ತು. ಒಳಗೆ ನೂರಾರು ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ನಡುವೆ ತಾತ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಸಾಲದ ಮೇಡಂ ಅಲ್ವಾ? ಸ್ಟೇಪ್ಲರ್ ಎತ್ತಿಡೋರು?”

ನಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಸಂಗತಿ ಹೇಳಿದೆ. ತಾತ ಡ್ರಾಯರಿನಿಂದ ಫಾರ್ಮು ತೆಗೆದು ಕೊಟ್ಟರು. ಎಲ್ಲ ತುಂಬಿತ್ತು, ತಾತನ ಸಹಿಯೂ ಇತ್ತು. ಮೊಮ್ಮಗನ ಸಹಿಯ ಚೌಕ ಮಾತ್ರ ಖಾಲಿ.

“ರೈಲು ನಿಲ್ದಾಣದ ಗಡಿಯಾರ ನಿಂತಿದೆ ಅಂತ ಹೋಗಿದ್ದಾನೆ. ಓಡಮ್ಮ. ನನ್ನೆದೆ ಮಷೀನಿಗೆ ಇಂಥ ಗಾಬರಿ ಆಗಿಬರಲ್ಲ.”

ನಿಲ್ದಾಣಕ್ಕೆ ಹೇಗೆ ಹೋದೆನೋ ಗೊತ್ತಿಲ್ಲ. ದೊಡ್ಡ ಗಡಿಯಾರದ ಕೆಳಗೆ ಏಣಿ, ಏಣಿಯ ತುದಿಯಲ್ಲಿ ಎರಡು ಕಾಲು. ಸೊಂಟದಿಂದ ಮೇಲೆ ಅವರು ಗಡಿಯಾರದ ಹೊಟ್ಟೆಯೊಳಗಿದ್ದರು. ಮುಳ್ಳುಗಳೆರಡೂ ಜೋತುಬಿದ್ದಿದ್ದವು. ನನ್ನ ಕೈಯಲ್ಲೂ ವಾಚಿಲ್ಲ. ಗಂಟೆ ಎಷ್ಟಾಗಿದೆ ಎಂದು ಕೂಡ ತಿಳಿಯದೆ ನಾನು ಕೆಳಗಿನಿಂದ ಕೂಗಿದೆ.

“ಇವತ್ತೇ ಕೊನೇ ದಿನ! ಇಳೀರಿ! ಸಹಿ ಹಾಕ್ಬೇಕು!”

“ಗೆರೆ ಮುಟ್ಟದ ಹಾಗೆ ತಾನೆ?” ಒಳಗಿನಿಂದ ದನಿ ಬಂತು.

ಇನ್ನು ತಡೆಯಲಾಗಲಿಲ್ಲ. “ಆವತ್ತಿನ ಸಹಿ ಸರಿಯಾಗಿತ್ತು ಕಣ್ರೀ! ಎಲ್ಲ ಸರಿಯಾಗಿತ್ತು! ನೀವು ಇನ್ನೊಂದು ಸಲ ಬರಲಿ ಅಂತ ಸುಳ್ಳು ಹೇಳಿದೆ!”

ಪೆಟ್ಟಿಗೆ ಎಳೆಯುತ್ತಿದ್ದ ಹೆಂಗಸೊಬ್ಬರು ನಿಂತೇಬಿಟ್ಟರು. ಟಿಕೆಟ್ ಕೊಡುವವನು ಕಿಟಕಿಯಿಂದ ತಲೆ ಹೊರಹಾಕಿದ. ಏಣಿಯ ಮೇಲಿನ ಕಾಲುಗಳು ಒಂದು ಕ್ಷಣ ಅಲ್ಲಾಡಲಿಲ್ಲ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದವು.

ಅವರು ಕೈಗೆ ಮೆತ್ತಿದ್ದ ಎಣ್ಣೆ ಒರೆಸಿಕೊಂಡರು. ಜೇಬಿನಿಂದ ನನ್ನ ವಾಚು ತೆಗೆದು ನೋಡಿದರು. “ಮೂರೂ ಇಪ್ಪತ್ತು. ಈ ವಾಚು ಇನ್ನು ಸುಳ್ಳು ಹೇಳಲ್ಲ,” ಎಂದಷ್ಟೇ ಹೇಳಿ ಮತ್ತೆ ಜೇಬಿಗಿಟ್ಟರು. ನನ್ನ ಕಣ್ಣು ತುಂಬಿಬಂತು. ಸುಳ್ಳು ಹೇಳಿದವಳು ನಾನೊಬ್ಬಳೇ ಎಂಬಂತಾಯಿತು.

ಫಾರ್ಮನ್ನು ಏಣಿಯ ಮೆಟ್ಟಿಲಿಗೆ ಒತ್ತಿ ಸಹಿ ಹಾಕಿದರು. ತಲೆಗೂದಲಿನಷ್ಟು ಸ್ಪ್ರಿಂಗು ಹಿಡಿಯುವ ಕೈ ಅದು, ಅವತ್ತು ಗುರಿ ತಪ್ಪಿತು. ಸಹಿಯ ಬಾಲ ಚೌಕದ ಗೆರೆ ದಾಟಿ ಆಚೆಗೆ ಹೋಯಿತು.

“ಮುಟ್ಟಿತು,” ಎಂದರು ಅವರು.

“ಮುಟ್ಟಲಿ ಬಿಡಿ,” ಎಂದೆ ನಾನು.

ಇಬ್ಬರೂ ಕಾಲೇಜು ತಲುಪಿದಾಗ ಗಾಡಿಯವನು ಚೀಲದ ಬಾಯಿ ಕಟ್ಟುತ್ತಿದ್ದ. ದೊಡ್ಡ ಮೇಡಂ ಅವನ ಮುಂದೆ ಟೀ ಇಟ್ಟು, ಅವನ ಮಗಳ ಓದಿನ ವಿಷಯ ಎರಡನೇ ಸಲ ವಿಚಾರಿಸುತ್ತಿದ್ದರು. ಫಾರ್ಮು ಕೈಗೆತ್ತಿಕೊಂಡು ಕೊನೆಯ ಪುಟ ನೋಡಿ ಹುಬ್ಬೇರಿಸಿದರು.

“ಸಹಿ ಗೆರೆ ಮುಟ್ಟಿದೆಯಲ್ಲಮ್ಮ?”

“ಹಾಗೊಂದು ನಿಯಮ ಇಲ್ಲ ಮೇಡಂ.”

“ನನಗೆ ಗೊತ್ತಿತ್ತು. ನಿನಗೆ ಯಾವಾಗ ಗೊತ್ತಾಗುತ್ತೋ ಅಂತ ನೋಡ್ತಿದ್ದೆ,” ಎನ್ನುತ್ತಾ ಮೊಹರು ಒತ್ತಿದರು. ಚೀಲ ಗಾಡಿ ಹತ್ತಿತು, ಗಾಡಿ ಗೇಟು ದಾಟಿತು.

ಹೊರಗಿನ ಮೆಟ್ಟಿಲ ಮೇಲೆ ಸಾಸಿವೆಯವರು ಕೂತಿದ್ದರು. ಒಂದು ಮೆಟ್ಟಿಲು ಬಿಟ್ಟು ಕೆಳಗೆ ನಾನು ಕೂತೆ.

“ನನ್ನಿಂದ ನಿಮ್ಮ ಸೀಟು ಹೋಗ್ತಿತ್ತು,” ಎಂದೆ. “ಬೈಯಿರಿ. ಸುಮ್ಮನೆ ಕೂತರೆ ನನಗೆ ತಡೆಯಕ್ಕಾಗಲ್ಲ.”

ಅವರು ವಾಚು ತೆಗೆದು, ಹಿಂದಿನ ಮುಚ್ಚಳ ಎಬ್ಬಿಸಿ, ಭೂತಗನ್ನಡಿಯ ಜೊತೆ ನನ್ನ ಕೈಗಿಟ್ಟರು. “ಓದಿ. ಸೋಮವಾರ ರಾತ್ರಿ ಬರೆದಿದ್ದು.”

ಕಣ್ಣಿಗೆ ಸಿಕ್ಕಿಸಿಕೊಳ್ಳಲು ಬರದೆ ಎರಡು ಸಲ ಬೀಳಿಸಿದೆ. ಮೂರನೇ ಸಲ ಅವರೇ ಹಿಡಿದುಕೊಂಡರು. ಮುಚ್ಚಳದ ಅಂಚಿನಲ್ಲಿ ಸಾಲು ಸಾಲಾಗಿ ಸಾಸಿವೆ. ಮೊದಲು ತಾರೀಕು. ಆಮೇಲೆ, ‘ಕೊಳೆ ತೆಗೆದು ಎಣ್ಣೆ ಹಾಕಿದೆ.’ ಅದರ ಕೆಳಗೆ, ‘ಸಹಿ ಗೆರೆ ಮುಟ್ಟಿರಲಿಲ್ಲ. ಗುರುವಾರ ಬರುತ್ತೇನೆ. ಆಮೇಲೂ ಬರಲೇ?’

ಅಷ್ಟು ಸುಖ ನನಗೆ ಯಾವತ್ತೂ ಆಗಿರಲಿಲ್ಲ, ಅದನ್ನು ಮುಚ್ಚಿಡುವುದು ಹೇಗೆಂದೂ ಗೊತ್ತಾಗಲಿಲ್ಲ.

“ಗೊತ್ತಿದ್ದೂ ಯಾಕೆ ಫಾರ್ಮ್ ವಾಪಸ್ ತಗೊಂಡ್ರಿ?”

“ನೀವು ಕೊಟ್ರಿ. ನನಗೂ ಗುರುವಾರ ಬೇಕಿತ್ತು.”

“ಇದನ್ನ ಇಲ್ಲಿ ಬರೆದ್ರೆ ನನಗೆ ಹೇಗೆ ಗೊತ್ತಾಗ್ಬೇಕು?”

“ಇನ್ನು ಹತ್ತು ವರ್ಷಕ್ಕೆ ವಾಚ್ ನಿಂತಾಗ ಬಿಚ್ಚೋನು ನಾನೇ ತಾನೆ? ಆಗ ಹೇಳೋಣ ಅಂದ್ಕೊಂಡಿದ್ದೆ.”

“ಹತ್ತು ವರ್ಷ!” ಎಂದು ನಾನು ಕೈ ಚಾಚಿದೆ. “ಸೂಜಿ ಕೊಡಿ ಇಲ್ಲಿ.”

ಕೊಟ್ಟರು. ಅವರ ಪ್ರಶ್ನೆಯ ಕೆಳಗೆ ಇನ್ನೂ ಅರ್ಧ ಮುಚ್ಚಳ ಜಾಗವಿತ್ತು. ನಾಲಿಗೆ ಕಚ್ಚಿಕೊಂಡು, ಕೈ ಬಿಗಿಹಿಡಿದು ‘ಹೂಂ’ ಎಂದು ಬರೆದೆ. ಚೌಕದ ತುಂಬ ಬರೆಸಿ ರೂಢಿಯಾದ ಕೈ ನನ್ನದು. ಆ ಒಂದು ಮಾತಿಗೇ ಉಳಿದ ಜಾಗವೆಲ್ಲ ಮುಗಿದುಹೋಯಿತು.

ಅವರು ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ಅದನ್ನು ನೋಡಿದರು. ಮುಚ್ಚಳ ಒತ್ತಿ ಕೂರಿಸಿ, ವಾಚನ್ನು ನನ್ನ ಮಣಿಕಟ್ಟಿಗೆ ಕಟ್ಟಿದರು. ಆಮೇಲೆ ನನ್ನದೇ ಕೌಂಟರಿನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡರು.

“ಅಕ್ಷರ ತುಂಬಾ ದೊಡ್ಡದಾಯ್ತು ಮೇಡಂ. ಅಂಚಿನ ಗೆರೆ ಬೇರೆ ಮುಟ್ಟಿದೆ. ನಮ್ಮಲ್ಲಿ ಇದು ನಡೆಯಲ್ಲ. ನಾಳೆ ಮತ್ತೆ ಬರಬೇಕಾಗುತ್ತೆ.”

“ಎಷ್ಟು ಗಂಟೆಗೆ?” ಎಂದು ಕೇಳಿದೆ ನಾನು.