ಹೆಸರು ಕೇಳಬಾರದ ಔಷಧ

೧೯೮೨ರ ನವೆಂಬರ್ ೧೬, ಬೆಳಿಗ್ಗೆ ಹತ್ತು ಗಂಟೆ. ದುಂಡಸಿಯ ರೈತ ಉಳಿವೆಪ್ಪ ಶಿಗ್ಗಾಂವಿ ಠಾಣೆಯ ಮೇಜಿನ ಮೇಲೆ ವೀಳ್ಯದೆಲೆಯ ಪೊಟ್ಟಣವೊಂದನ್ನು ಇಟ್ಟ. ಒಳಗೆ ಕಪ್ಪು ಲೇಪವಿತ್ತು.

"ನನ್ನ ಹೆಂಡತಿ ಎದಿಯಾಗ ಕ್ಯಾನ್ಸರ್ ಗಡ್ಡಿ ಐತ್ರಿ. ರೇಡಿಯೇಶನ್ ಅಂತಾರಲ್ರಿ, ಆ ಕರೆಂಟ್ ಕೊಡಿಸ್ಕೊಳ್ಳಾಕ ಹುಬ್ಬಳ್ಳಿ ಆಸ್ಪತ್ರಿಗೆ ಹೊಕ್ಕೇನಿ ಅಂತ ಹೋಗಾಕಿ, ಇದನ್ನ ತಂದು ಹಚ್ಕೊಂಡಾಳ. ಮೈ ಸುಟ್ಟೈತಿ."

"ಕೊಟ್ಟಾಂವ ಯಾರು?" ಫೌಜದಾರ ನೀಲಪ್ಪ ಕೇಳಿದರು.

"ಹೇಳವಲ್ಲಳ್ರಿ."

ಎಫ್‌ಐಆರ್‌ನಲ್ಲಿ ಆರೋಪಿ ಅಪರಿಚಿತನೆಂದು ಬರೆಯಲಾಯಿತು.

ಮಧ್ಯಾಹ್ನ ದುಂಡಸಿಯಲ್ಲಿ ಉಳಿವೆಪ್ಪನ ಹೆಂಡತಿ ಕರೆವ್ವ ಗೋಡೆಗೊರಗಿ ಕುಳಿತಿದ್ದಳು. ಸೆರಗು ತಾಗಿದರೂ ಮುಖ ಕಿವುಚುತ್ತಿದ್ದಳು.

"ತಂಗಿ, ಯಾರ ಕಡೆ ತಂದಿ?" ಫೌಜದಾರರು ಕೇಳಿದರು.

"ಔಷಧದ ಹೆಸರು ಕೇಳಬಾರದು, ಕೊಟ್ಟಾವರ ಹೆಸರು ಹೇಳಬಾರದ್ರಿ. ಹೇಳಿದ್ರ ಔಷಧದ ಗುಣ ಹೊಕ್ಕೈತಿ. ಆಸ್ಪತ್ರಿ ಬಿಡು ಅಂದಾರ. ಉರಿದಷ್ಟೂ ಗಡ್ಡಿ ಸಾಯ್ತೈತಂತ."

"ಸಾಯಾಕತ್ತಾಕಿ ನೀನ!" ಉಳಿವೆಪ್ಪ ಚೀರಿದ.

ಪಂಚನಾಮೆ ಬರೆಯುವಾಗ ಹವಾಲ್ದಾರ ಮಲ್ಲಿಕಸಾಬ ಎಲೆಯನ್ನು ಮೂಗಿಗೆ ಹಿಡಿದ. "ಸಾಹೇಬ್ರ, ಇದು ನಮ್ಮ ಸವಣೂರ ಎಲಿ."

"ಸವಣೂರಾಗ ಎಲಿ ಒಯ್ಯೋರನ್ನೆಲ್ಲ ಹಿಡಿಯೂದಾದ್ರ ಮೊದಲ ನಿನ್ನ ಹಿಡೀಬೇಕು" ಎಂದರು ಫೌಜದಾರರು, ಅವನ ಕೆಂಪು ಬಾಯಿ ನೋಡಿ. ಆದರೂ ಜೀಪು ಸವಣೂರಿಗೇ ಹೊರಟಿತು.

ಎಲೆ ಮಾರುವ ರಹಿಮಾಬಿ ಪೊಟ್ಟಣ ನೋಡಿ ತುಸು ಯೋಚಿಸಿದಳು. "ಎಲಿ ಒಯ್ಯೋರು ಅಡಕಿ ಕೇಳ್ತಾರ, ಸುಣ್ಣ ಕೇಳ್ತಾರ. ಉಡಚಪ್ಪ ಬರೇ ಎಲಿ ಒಯ್ತಾನ್ರಿ, ಅದೂ ಕಟ್ಟುಗಟ್ಟಲೆ. ಹಲ್ಲು ನೋಡ್ರಿ ಅವಂದು, ಹಾಲಿನಂಗ ಅದಾವ."

ಉಡಚಪ್ಪನ ಮನೆಯ ಕಟ್ಟೆಯ ಮೇಲೆ ಔಷಧಕ್ಕೆ ಬಂದ ಹೆಂಗಸರು ಸಾಲಾಗಿ ಕುಳಿತಿದ್ದರು. ಫೌಜದಾರರು ಅವರ ಎದುರೇ ಪೊಟ್ಟಣ ಬಿಚ್ಚಿದರು.

"ಇದರಾಗ ಏನೈತಿ?"

"ಹೇಳಬಾರದ್ರಿ."

"ಹೇಳಬ್ಯಾಡ. ನಿನ್ನ ಕೈಗೆ ಹಚ್ಕೊ."

ಉಡಚಪ್ಪ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡ. ಕಟ್ಟೆಯ ಕೊನೆಯಲ್ಲಿದ್ದ ಮುದುಕಿ ಸೆರಗಿನ ಗಂಟು ಬಿಚ್ಚಿ, ತನ್ನ ಪೊಟ್ಟಣವನ್ನು ನೆಲಕ್ಕಿಟ್ಟು ಎದ್ದಳು.

ಸಂಜೆ ಐದಕ್ಕೆ ಅವನನ್ನು ಬಂಧಿಸಲಾಯಿತು. ಲೇಪದಲ್ಲಿ ಇದ್ದದ್ದು ಬೊಬ್ಬೆ ಏಳಿಸುವ ಕೇರುಬೀಜದ ಎಣ್ಣೆ ಎಂದು ಅವನೇ ಒಪ್ಪಿಕೊಂಡ.

"ಸುಡತೈತಿ ಅಂತ ಗೊತ್ತಿದ್ದೂ ಯಾಕ ಕೊಟ್ಟಿ?"

ಉಡಚಪ್ಪ ಬಾಯಿಬಿಟ್ಟ. "ನನ್ನ ಹೆಂಡತಿಗೂ ಇದ ರೋಗ ಇತ್ರಿ. ಆರಾಮ ಆಗ್ತಿ ಅಂತ ಒಬ್ಬರೂ ಅನ್ನಲಿಲ್ಲ. ಆ ಮಾತಿಗೆ ಕಾದು ಕಾದು ಹೋದ್ಲು. ಮುಂದ ನನ್ನ ಕಡೆ ಬಂದಾವರಿಗೆಲ್ಲ ನಾ ಆ ಮಾತನ್ನ ಅಂದೆ. ಉರಿದ್ರ ಖರೇ ಅಂತ ನಂಬ್ತಿದ್ರು."

ಮಲ್ಲಿಕಸಾಬ ಅವನಿಗೆ ನೀರು ಕೊಟ್ಟ.

ಆ ವಾರವೇ ಉಳಿವೆಪ್ಪ ಹೆಂಡತಿಯನ್ನು ಹುಬ್ಬಳ್ಳಿಗೆ ಕರೆದೊಯ್ದ. ಆರಾಮ ಆಗುತ್ತದೆಂದು ಡಾಕ್ಟರೂ ಮಾತು ಕೊಡಲಿಲ್ಲ. "ಸುಟ್ಟದ್ದು ಮಾಯಲಿ, ಕರೆಂಟ್ ಮತ್ತ ಶುರು ಮಾಡೋಣ. ಕಾಲಿಗೆ ಎಣ್ಣಿ ತಿಕ್ಕಿಸ್ಕೊಬೇಕಂದ್ರೂ, ಬ್ಯಾರೆ ಏನ ಹಚ್ಕೊಬೇಕಂದ್ರೂ ನನ್ನ ಕೇಳಿ ಮಾಡವಾ" ಎಂದರು.

ನರ್ಸ್ ಗುಳಿಗೆ ಕೊಟ್ಟಳು. ಕರೆವ್ವ ಅದನ್ನು ಬಾಯಿಗೆ ಹಾಕದೆ ಅಂಗೈಯಲ್ಲೇ ಹಿಡಿದಳು. ಗಂಡನ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು:

"ಇದರ ಹೆಸರೇನ್ರಿ?"