ಹದಿನೇಳರ ಎಣ್ಣೆ ಕಲೆ

ಗಾಜಿನ ಮುಚ್ಚಳ ಇದ್ದ ಹಾಗೇ ಇತ್ತು. ಒಳಗೆ ವಿಮಾನವೂ ಇತ್ತು. ಆದರೂ ಕುಬಾತ್ ಮೇಜಿನ ಮುಂದೆ ಬಿಳಿಚಿಕೊಂಡು ನಿಂತಿದ್ದರು.

"ಯಾರು ಮುಟ್ಟಿದ್ದು ಇದನ್ನ?"

ಅಂಗಳದಲ್ಲಿ ಪಲಾವ್ ತಿಂದು ಒಳಗೆ ಬರುತ್ತಿದ್ದ ನಾವು ಬಾಗಿಲಲ್ಲೇ ನಿಂತೆವು.

"ಏನು ಹೋಯ್ತು?" ಸಾಲ್ಕಿನ್ ಎಜೆ ಕೇಳಿದರು. ಎಜೆ ಎಂದರೆ ನಮ್ಮಲ್ಲಿ ಅಕ್ಕ.

"ಕೊಳೆ," ಎಂದರು ಕುಬಾತ್.

ಪಾವೆಲ್ ನಕ್ಕುಬಿಟ್ಟರು. "ಅಷ್ಟು ವರ್ಷ ಪೊಲೀಸ್ ಕೆಲಸ ಮಾಡಿದೀರಲ್ಲ ಎಜೆ, ಕೊಳೆ ಕಳುವಾದ ಕೇಸು ಒಂದಾದ್ರೂ ಬಂದಿತ್ತಾ?"

ಬೇರೆ ಯಾರೂ ನಗಲಿಲ್ಲ.

ನಮ್ಮೂರು ಟೊಕ್ಮೊಕ್‌ನ ಹಳೆಯ ಮಕ್ಕಳ ಭವನದ ಎರಡು ಕೋಣೆಗಳಲ್ಲಿ ನಮ್ಮ ಮಾದರಿ ವಿಮಾನಗಳ ಸಂಘ ನಡೆಯುತ್ತಿತ್ತು. ಕಸ ಗುಡಿಸಿ, ಕುಂಚ ತೊಳೆದಿಡುವುದು ನನ್ನ ಕೆಲಸ. ಮಾರನೆಯ ದಿನ, ಜರ್ಮನಿಯ ವಿರುದ್ಧದ ಯುದ್ಧ ಗೆದ್ದು ಐವತ್ತು ವರ್ಷ ತುಂಬಿದ ಹಬ್ಬ. ಪ್ರದರ್ಶನದ ನಟ್ಟನಡುವೆ ನಿಲ್ಲಬೇಕಾಗಿದ್ದದ್ದು ಈ ವಿಮಾನವೇ — ಒಂದು ಗೇಣೂ ಉದ್ದವಿಲ್ಲದ ಲಾ-5 ಯುದ್ಧವಿಮಾನ, ಪಕ್ಕೆಯ ಮೇಲೆ ಬಿಳಿ ಬಣ್ಣದ ಹದಿನೇಳು.

ಕುಬಾತ್ ಇಡೀ ಚಳಿಗಾಲವನ್ನು ಅದಕ್ಕೇ ಸುರಿದಿದ್ದರು. ಬಣ್ಣ ಬಳಿಯುವುದು ಈ ಕೆಲಸದ ಅರ್ಧ ಮಾತ್ರ. ಬಳಿದ ಬಣ್ಣದ ಹೊಸತನವನ್ನು ಜಾಣತನದಿಂದ ಕೆಡಿಸುವುದು ಇನ್ನರ್ಧ. ಬಿಸಿಲಿಗೆ ಮಾಸಿದಂತೆ ಹಸಿರಿನ ಮೇಲೆ ನೀರುನೀರಾದ ಬಿಳಿ. ಹೊಗೆಕೊಳವೆಯ ಹಿಂದೆ ಅರೆದ ಇದ್ದಿಲ ಪುಡಿ. ಕಾಲು ಇಟ್ಟು ಹತ್ತುವಲ್ಲಿ ಬಣ್ಣ ಎದ್ದುಹೋದಂತೆ ಬೆಳ್ಳಿಯ ಚುಕ್ಕೆಗಳು. ಕೊನೆಯದಾಗಿ, ಹಿಂದಿನ ದಿನವಷ್ಟೇ, ಎಂಜಿನ್ನಿನಿಂದ ಬಾಲದ ಕಡೆಗೆ ಹರಿದ ಕಂದು ಎಣ್ಣೆಯ ಗೆರೆಗಳನ್ನು ಎಳೆದಿದ್ದರು. ಚಿತ್ರಕಾರರು ಬಳಸುವ ಎಣ್ಣೆಬಣ್ಣ, ಇನ್ನೂ ಆರಿರಲಿಲ್ಲ.

ಈಗ ಆ ಗೆರೆಗಳು ಇರಲಿಲ್ಲ. ಪೈಲಟ್ ಕೂರುವ ಗೂಡಿನ ಗಾಜಿನ ಮೇಲಿದ್ದ ಧೂಳೂ ಇರಲಿಲ್ಲ.

"ನೀನೇನಾ?" ಕುಬಾತ್ ಪಾವೆಲ್ ಕಡೆ ತಿರುಗಿದರು.

"ನಾನ್ಯಾಕೆ?"

"ಊಟದ ಮಧ್ಯೆ ಎದ್ದು ಹೋದವನು ನೀನೊಬ್ಬನೇ."

"ಸಿಗರೇಟಿಗೆ ಹೋಗಿದ್ದೆ. ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಈ ಊರಲ್ಲಿ ಇವತ್ತೇ ಕೊನೇ ದಿನ ಕಣೋ. ಸುಮ್ಮನೆ ಆ ಹಿತ್ತಿಲ ಮರ ನೋಡ್ತಾ ಕೂತಿದ್ದೆ."

"ಮತ್ತೆ ಇದು?"

ಕುಬಾತ್ ಬೆರಳು ತೋರಿಸಿದರು. ವಿಮಾನದ ಚಕ್ರಗಳ ಬಳಿ ಬೆಂಕಿಕಡ್ಡಿಯ ಎರಡು ಚೂರುಗಳು. ಸಿಗರೇಟು ಹಚ್ಚಿದ ಮೇಲೆ ಕಡ್ಡಿಯನ್ನು ಎರಡಾಗಿ ಮುರಿಯುವುದು ಪಾವೆಲ್ ಅವರ ಚಾಳಿ. ದಿನವೂ ಆ ಚೂರುಗಳನ್ನು ಗುಡಿಸುತ್ತಿದ್ದವಳು ನಾನೇ.

ಪಾವೆಲ್ ಬಗ್ಗಿ ನೋಡಿದರು. "ಇದು ನಂದಲ್ಲ."

"ಜನವರಿಯಿಂದ ಕೊಂಕು ತೆಗೀತಾನೇ ಇದ್ದೆ. ಅದು ಸರಿಯಿಲ್ಲ, ಇದು ಜಾಸ್ತಿಯಾಯ್ತು. ಹೋಗೋ ಮುಂಚೆ ತಿದ್ದಿ ಹೋಗೋಣ ಅಂತಾನಾ? ನಿಮ್ಮವರ ಬುದ್ಧಿ ಎಲ್ಲಿ ಹೋಗುತ್ತೆ? ಐವತ್ತು ವರ್ಷ ಆದ್ರೂ ನಮ್ಮ ವಿಮಾನ ಕಂಡ್ರೆ ನಿಮಗೆ ಹೊಟ್ಟೆಯುರಿ."

ಪಾವೆಲ್ ಜರ್ಮನ್ ಮನೆತನದವರು. ಯುದ್ಧದ ಕಾಲದಲ್ಲಿ, ಜರ್ಮನರೆಂಬ ಅನುಮಾನಕ್ಕೆ, ಸರ್ಕಾರದವರು ಅವರ ಅಪ್ಪನನ್ನು ಗೂಡ್ಸ್ ರೈಲಿನಲ್ಲಿ ತುಂಬಿ ಇಲ್ಲಿಗೆ ತಂದು ಇಳಿಸಿದ್ದರು. ಪಾವೆಲ್ ಹುಟ್ಟಿದ್ದು ಇದೇ ಊರಲ್ಲಿ. ಅವರು ಮತ್ತು ಕುಬಾತ್ ಒಂದೇ ಬೆಂಚಿನ ಮೇಲೆ ಓದಿದವರು. ಅಕ್ಕತಂಗಿಯರೆಲ್ಲ ಜರ್ಮನಿಗೆ ಹೋದ ಮೇಲೆ ಈಗ ಇವರೂ ಹೊರಟಿದ್ದರು.

ಪಾವೆಲ್ ಅಂಗಿಯ ಜೇಬಿನಿಂದ ಸಣ್ಣ ಕುಂಚವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ನಿಂದು. ವಾಪಸ್ ಕೊಡೋಕೇ ಬಂದಿದ್ದೆ." ಬಾಗಿಲಲ್ಲಿ ತಿರುಗಿ ಎಜೆಯನ್ನು ನೋಡಿದರು. "ಸಂಜೆ ಬಸ್ಸಿಗೆ ಹೋಗ್ತೀನಿ ಎಜೆ. ನಿಲ್ದಾಣದಲ್ಲೇ ಇರ್ತೀನಿ."

ನನಗೆ ಏನು ಮಾಡಬೇಕೋ ತೋಚದೆ ಪೊರಕೆ ತೆಗೆದುಕೊಂಡೆ.

"ಜಿಪಾರ್, ಅದನ್ನ ಕೆಳಗಿಡು," ಎಂದರು ಎಜೆ. "ಕುಬಾತ್, ಬಾಯಿ ಮುಚ್ಕೊಂಡು ಕೂತ್ಕೋ. ನೀನು ಆಡಬೇಕಾದ್ದೆಲ್ಲ ಆಡಿಯಾಯ್ತು."

ಎಜೆ ಕನ್ನಡಕ ಏರಿಸಿ ಮುಚ್ಚಳ ತೆಗೆದರು. ವಿಮಾನಕ್ಕೆ ಮೂಗು ತಾಗುವಷ್ಟು ಬಗ್ಗಿದರು.

"ಈ ಬಣ್ಣ ಅಳಿಸೋಕೆ ಏನು ಬೇಕು?"

"ಟರ್ಪೆಂಟೈನ್. ಬಾಟ್ಲಿ ಕಪಾಟಿನಲ್ಲಿದೆ."

"ಕಪಾಟಿನ ಬೀಗ?"

"ಹಾಕಿದೆ. ಕೀಲಿ ನನ್ನ ಹತ್ರ ಇದೆ."

"ಟರ್ಪೆಂಟೈನ್ ವಾಸನೆ ಇಲ್ಲ. ನೀನು ಮೂಸು, ಜಿಪಾರ್."

ಮೂಸಿದೆ. ಪರಿಚಯದ ವಾಸನೆ. "ಬೋರ್ಸೋಕ್," ಎಂದೆ. ಬೆಳಿಗ್ಗೆ ನಾನೇ ಕರಿದಿದ್ದ ಹಿಟ್ಟಿನ ತುಂಡುಗಳು. ಸೂರ್ಯಕಾಂತಿ ಎಣ್ಣೆ.

"ಎಣ್ಣೆಬಣ್ಣ ಎಣ್ಣೆಗೆ ಬಿಡುತ್ತಾ?"

"ಹಸಿಯಿದ್ರೆ ಬಿಡುತ್ತೆ," ಕುಬಾತ್ ಗೊಣಗಿದರು. "ಬೋರ್ಸೋಕ್ ಎಲ್ಲರೂ ತಿಂದಿದ್ವಲ್ಲ. ಅವನೂ ತಿಂದ."

"ಇರಲಿ. ಪಾವೆಲ್ ಏನಂತ ಕೊಂಕು ತೆಗೀತಿದ್ದ? ಸರಿಯಾಗಿ ಹೇಳು."

ಕುಬಾತ್ ಮುಖ ತಿರುಗಿಸಿದರು. "ಬೆಳ್ಳಿ ಚುಕ್ಕೆ ತಪ್ಪು ಅಂತಿದ್ದ. ಈ ವಿಮಾನದ ರೆಕ್ಕೆ ಮರದ್ದು, ಬಣ್ಣ ಎದ್ದರೆ ಒಳಗೆ ಮರ ಕಾಣಬೇಕು, ಬೆಳ್ಳಿ ಎಲ್ಲಿಂದ ಬರುತ್ತೆ ಅಂತ."

"ಎಣ್ಣೆ ಗೆರೆ ಬಗ್ಗೆ?"

"ಅದು ಚೆನ್ನಾಗಿದೆ ಅಂದ."

"ಚೆನ್ನಾಗಿದೆ ಅಂದಿದ್ದನ್ನ ಅಳಿಸಿ, ತಪ್ಪು ಅಂದಿದ್ದನ್ನ ಬಿಟ್ಟು ಹೋದ್ನಾ?"

ರೆಕ್ಕೆಯ ಮೇಲೆ ಬೆಳ್ಳಿ ಚುಕ್ಕೆಗಳು ಒಂದೂ ಕೆಡದೆ ಹೊಳೆಯುತ್ತಿದ್ದವು.

ಎಜೆ ನನ್ನತ್ತ ತಿರುಗಿದರು. "ನೀನು ಮಾತಾಡದಿದ್ರೂ ನೋಡ್ತಿರ್ತೀಯ. ಪಾವೆಲ್ ಮುರಿದ ಕಡ್ಡಿ ಹೇಗಿರುತ್ತೆ?"

"ತುದಿ ಕಪ್ಪಗಿರುತ್ತೆ ಎಜೆ. ಸುಟ್ಟಿರುತ್ತೆ."

"ಇವು?"

ಅವು ಸುಟ್ಟಿರಲಿಲ್ಲ. ಎರಡಕ್ಕೂ ಮದ್ದಿನ ತಲೆಯೇ ಇರಲಿಲ್ಲ. ಯಾರೋ ಉಗುರಿನಿಂದ ಚಿವುಟಿ ತೆಗೆದಿದ್ದರು. ಬಿದ್ದ ಕಸದ ಹಾಗೂ ಕಾಣಲಿಲ್ಲ. ಎಡಚಕ್ರದ ಮುಂದೆ ಒಂದು, ಬಲಚಕ್ರದ ಮುಂದೆ ಒಂದು. ಎರಡೂ ಟೈರಿಗೆ ಒತ್ತಿಕೊಂಡು ಅಡ್ಡಲಾಗಿ ಕೂತಿದ್ದವು.

ಎಜೆ ಶಾಲು ಹೊದ್ದುಕೊಂಡರು.

"ನಡೀರಿ. ಬುರುಲ್ ಅಪಾ ಮನೆಗೆ."

"ಅಪಾನಾ?" ಕುಬಾತ್ ಎದ್ದು ನಿಂತರು. "ಅವರಿಗೆ ಎಪ್ಪತ್ತೆರಡು ವರ್ಷ. ಪಾಪ, ಅವರಿಗಾಗೇ ನಾನಿದನ್ನ ಮಾಡಿದ್ದು."

ಅದು ನಿಜವೇ. ಬುರುಲ್ ಅಪಾ, ಎಂದರೆ ನಮ್ಮೆಲ್ಲರ ಬುರುಲ್ ಅಮ್ಮ, ಯುದ್ಧದಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವರು. ಹದಿನೇಳು ಅವರು ನೋಡಿಕೊಳ್ಳುತ್ತಿದ್ದ ವಿಮಾನ. ಒಂದು ಬೆಳಿಗ್ಗೆ ಹೋದದ್ದು ಮರಳಿರಲಿಲ್ಲ. ಅವರು ಕೊಟ್ಟ ಹಳೆಯ ಫೋಟೋ ನೋಡಿಯೇ ಕುಬಾತ್ ಕೆಲಸ ಶುರುಮಾಡಿದ್ದರು. ಆ ದಿನ ಊಟಕ್ಕೆ ಮುಂಚೆ ಅವರನ್ನು ಭವನಕ್ಕೆ ಕರೆಸಿ ಮೊದಲು ತೋರಿಸಿದ್ದೂ ಅವರಿಗೇ. ಅಪಾ ತುಂಬ ಹೊತ್ತು ನೋಡಿ, "ಚೆನ್ನಾಗಿದೆ ಮಗಾ," ಎಂದಿದ್ದರು. ಊಟಕ್ಕೆ ಕರೆದಾಗ ಮಂಡಿನೋವು, ಬರಲಾರೆ ಎಂದರು. ಬೋರ್ಸೋಕ್ ತಟ್ಟೆಯನ್ನೂ ಚಹಾವನ್ನೂ ನಾನೇ ಒಳಗೆ ಕೊಟ್ಟು ಬಂದಿದ್ದೆ. ನಾವು ಏಳುವ ಮೊದಲೇ ಅವರು ಮನೆಗೆ ಹೋಗಿದ್ದರು.

ಅಪಾ ಬಾಗಿಲು ತೆರೆದವರೇ ಎಜೆಯ ಮುಖ ನೋಡಿದರು.

"ಬೇಗ ಬಂದ್ರಿ," ಎಂದರು. "ಕೂತ್ಕೊಳ್ಳಿ."

"ಅಪಾ, ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ," ಎಂದರು ಎಜೆ. "ಬಣ್ಣದ ಕೆಲಸ ಗೊತ್ತಿದ್ದವರು ಟರ್ಪೆಂಟೈನ್ ಹುಡುಕ್ತಿದ್ರು. ಇದನ್ನ ಮಾಡಿದವರು ಕೈಗೆ ಸಿಕ್ಕಿದ ಎಣ್ಣೆಯಲ್ಲೇ ಒರೆಸಿದ್ರು. ಮಾಸಿದ ಬಣ್ಣ ಬೇಡ ಅನ್ನಿಸಲಿಲ್ಲ ಅವರಿಗೆ. ಹೊಗೆ ಬೇಡ ಅನ್ನಿಸಲಿಲ್ಲ. ಎಂಜಿನ್ ಸೋರಿದ ಗುರುತು ಮಾತ್ರ ಬೇಡವಾಗಿತ್ತು. ಪೈಲಟ್‌ಗೆ ಹೊರಗೆ ಕಾಣಲಿ ಅಂತ ಗಾಜೂ ಒರೆಸಿದ್ರು. ಇಷ್ಟರಿಂದ ನನಗೆ ಅನುಮಾನ ಬಂತು. ನಂಬಿಕೆ ಬಂದಿದ್ದು ಆ ಕಡ್ಡಿಗಳಿಂದ. ಕಸ ಅಂತ ನಾವೆಲ್ಲ ಬಿಟ್ಟಿದ್ವಿ. ವಿಮಾನಕ್ಕೆ ಕೈ ಹಾಕೋ ಮುಂಚೆ, ಅದು ಉರುಳದ ಹಾಗೆ ಚಕ್ರಕ್ಕೆ ಅಡ್ಡ ಕೊಡೋರು ಯಾರು? ಅಡ್ಡ ಕೊಡೋ ಕಡ್ಡಿಗೂ ಬೆಂಕಿ ಮದ್ದು ಇರಬಾರದು ಅಂತ ಚಿವುಟಿ ತೆಗೆಯೋರು ಯಾರು? ಪೆಟ್ರೋಲ್ ತುಂಬಿದ ವಿಮಾನದ ಪಕ್ಕ ನಿಂತು ಕೆಲಸ ಮಾಡಿದವರು. ನೀವೇ ಒರೆಸಿದ್ದು, ಅಪಾ."

ಅಪಾ ತಮ್ಮ ಕೈಗಳನ್ನು ನೋಡಿಕೊಂಡರು. ಬೆರಳಿನ ಸಂದಿಯಲ್ಲಿ ಕಂದು ಬಣ್ಣ ಇನ್ನೂ ಇತ್ತು.

"ನನ್ನ ವಿಮಾನ ಸೋರ್ತಿರ್ಲಿಲ್ಲ, ಕುಬಾತ್."

"ಅಪಾ, ಅದು... ನೋಡೋಕೆ ಚೆಂದ ಅಂತ ನಾವೆಲ್ಲ ಹಾಗೆ ಎಳೀತೀವಿ. ಯುದ್ಧದ ವಿಮಾನ ಅಂದ್ಮೇಲೆ—"

"ನಿಂಗೆ ಚೆಂದ. ನಂಗೆ ಅದು ಬಿಗಿ ಮಾಡದ ಒಂದು ನಟ್ಟು." ಅವರ ದನಿ ಏರಲಿಲ್ಲ. "ನನ್ನ ಪೈಲಟ್ ವಾಪಸ್ ಬರಲಿಲ್ಲ ಅಂದಾಗ ಯಾರೂ ನನ್ನ ಬೈಯಲಿಲ್ಲ. ಕೇಳಲೂ ಇಲ್ಲ. ನಾನೇ ಕೇಳ್ಕೊಳ್ತಾ ಬಂದೆ, ಐವತ್ತು ವರ್ಷ. ನಾನು ಎಲ್ಲಾ ಬಿಗಿ ಮಾಡಿದ್ನಾ? ಮಾಡಿದ್ದೆ ಅಂತ ನಂಬ್ಕೊಂಡಿದ್ದೆ. ಇವತ್ತು ನೋಡಿದ್ರೆ, ಊರಿಗೆಲ್ಲ ಕಾಣೋ ಹಾಗೆ ಎಣ್ಣೆ ಹರೀತಾ ಇದೆ."

ಕುಬಾತ್ ತಲೆ ಎತ್ತಲಿಲ್ಲ.

"ಒರೆಸಿ ಆದ್ಮೇಲೆ ಕಡ್ಡಿ ತೆಗೀಬೇಕಾಗಿತ್ತು," ಎಂದರು ಅಪಾ. "ಆಗಲಿಲ್ಲ. ಆವತ್ತು ಹೊರಡ್ತೀನಿ ಅಂತ ಅವನು ಕೈ ಮಾಡಿದ, ನಾನೇ ಎಳೆದೆ ಚಕ್ರದ ಅಡ್ಡ. ಈ ಸಲ ಇರ್ಲಿ ಅನ್ನಿಸ್ತು."

ಆಮೇಲೆ ಅಪಾ ಕೇಳಿದರು, "ನನ್ನಿಂದ ಯಾರಿಗಾದ್ರೂ ತೊಂದ್ರೆ ಆಯ್ತಾ?"

ಕುಬಾತ್ ಕಿಟಕಿಯ ಹೊರಗೆ ನೋಡಿದರು. ಬಿಸಿಲು ಆಗಲೇ ಗೋಡೆ ಏರಿತ್ತು.

"ಇಲ್ಲ ಅಪಾ. ತೊಂದ್ರೆ ಮಾಡಿದ್ದು ನಾನು."

ಅವರು ಬಸ್ ನಿಲ್ದಾಣಕ್ಕೆ ಹೊರಡಲು ಎದ್ದರು. ಅಷ್ಟರಲ್ಲಿ ಅಪಾ ರೊಟ್ಟಿ ತಂದು ಮುರಿಯತೊಡಗಿದ್ದರು. ಹಿರಿಯರು ಮುರಿದ ರೊಟ್ಟಿಯನ್ನು ಬಾಯಿಗಿಡದೆ ಹೊಸ್ತಿಲು ದಾಟುವುದು ನಮ್ಮಲ್ಲಿಲ್ಲ. ಅಪಾ ಚಹಾ ಸುರಿದರು, ಆ ಪೈಲಟ್ಟಿನ ಹೆಸರು ಹೇಳಿದರು, ಅವನಿಗೆ ಕುದುರೆ ಹಾಲು ಸೇರುತ್ತಿರಲಿಲ್ಲ ಎಂದರು. ಅಂಥ ಹೊತ್ತಿನಲ್ಲಿ ಕುಬಾತ್ ಹೇಗೆ ಎದ್ದು ಹೋಗುತ್ತಾರೆ? ಕೂತರು. ರೊಟ್ಟಿ ಅಗಿಯುತ್ತಲೇ ಅವರು ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಿದ್ದರು.

ನಿಲ್ದಾಣಕ್ಕೆ ಓಡಿ ಹೋದಾಗ ಬಸ್ಸು ಹೊರಟುಹೋಗಿತ್ತು. ಸೂರ್ಯಕಾಂತಿ ಬೀಜ ಮಾರುವಾಕೆ ಬುಟ್ಟಿ ಮುಚ್ಚುತ್ತಿದ್ದಳು.

"ಎತ್ತರದ ಮನುಷ್ಯ, ಒಂದೇ ಪೆಟ್ಟಿಗೆ," ಎಂದು ಎಜೆ ಕೇಳಿದರು. "ನೋಡಿದ್ಯಾ?"

"ಇದ್ರಲ್ಲ, ಅಲ್ಲಿ, ಆ ಕಂಬದ ಹತ್ರ. ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋದ್ರು. ಯಾರಿಗೋ ಕಾಯ್ತಿದ್ರು ಅನ್ಸುತ್ತೆ."

ಕುಬಾತ್ ಕಂಬದವರೆಗೆ ನಡೆದು ನಿಂತರು. ಕೆಳಗೆ ನೆಲದ ಮೇಲೆ ಬೆಂಕಿಕಡ್ಡಿಗಳು ಬಿದ್ದಿದ್ದವು. ತುಂಬ ಇದ್ದವು. ಎಲ್ಲವೂ ಸುಟ್ಟು ಕಪ್ಪಾಗಿದ್ದವು, ಎಲ್ಲವೂ ಎರಡೆರಡಾಗಿ ಮುರಿದಿದ್ದವು.