ರಿತೊ ಅಲ್ತೊದ ಹನ್ನೊಂದು ರಫಾಯೇಲರು

ಅಕ್ಟೋಬರ್ 9, ಸೋಮವಾರ, ಬೆಳಗ್ಗೆ 9.20. ರಿತೊ ಅಲ್ತೊ ಊರಿನ ಇಗರ್ಜಿಯ ಈ ವರ್ಷದ ಮೊಕ್ತೇಸರಳಾದ ಪೆತ್ರಾ ಲುಸೆರೊ ಶೆರಿಫ್ ಠಾಣೆಯೊಳಗೆ ಬಂದವಳೇ ಕೀಲಿಗೊಂಚಲನ್ನು ಮೇಜಿನ ಮೇಲೆ ಕುಕ್ಕಿದಳು.

"ನಮ್ಮ ಸಂತ ನಮ್ಮ ಸಂತ ಅಲ್ವಂತೆ ಮೇಡಂ! ಯಾರೋ ಬದಲಾಯಿಸಿಬಿಟ್ಟಿದಾರೆ."

ತನಿಖಾಧಿಕಾರಿ ಒದಿಲಿಯಾ ವಿಹಿಲ್ ಆಕೆಗೆ ನೀರು ಕೊಟ್ಟು ಕೂರಿಸಿದಳು. ಸಂತ ರಫಾಯೇಲನ ಮರದ ಮೂರ್ತಿಗೆ ಇಪ್ಪತ್ತನಾಲ್ಕನೇ ತಾರೀಕಿನ ಹಬ್ಬಕ್ಕೆ ಇನ್ನೂರು ವರ್ಷ ತುಂಬಲಿತ್ತು. ಹೊಗೆ, ಮೇಣ ಒರೆಸಿ ಶುಚಿಮಾಡಲೆಂದು ಸಾಂತಾ ಫೆಯಿಂದ ಒಬ್ಬ ತಜ್ಞೆಯನ್ನು ಕರೆಸಿದ್ದರು. ಆಕೆ ಎರಡು ದಿನ ನೋಡಿ, ಮೂರ್ತಿಯ ಬಿಳಿ ಬಣ್ಣ ಅಂಗಡಿಯ ಡಬ್ಬಿಯದು, ಇದಕ್ಕೆ ನೂರು ವರ್ಷವೂ ಆಗಿಲ್ಲ ಎಂದು ಹೇಳಿ ಕೈಚೆಲ್ಲಿದ್ದಳು. ಊರಿಗೆ ಸಿಡಿಲು ಬಡಿದಂತಾಗಿತ್ತು.

"ಮೂರ್ತಿ ಇಗರ್ಜಿಯಿಂದ ಯಾವಾಗ ಹೊರಗೆ ಹೋಗಿತ್ತು?"

"ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದಲ್ಲಿ. ಆರು ವಾರ ಬಸ್ ಓಡಿಸೋ ಬರ್ನಿ ಮನೇಲಿತ್ತು, ನೋಡ್ಕೊಂಡು ಕೆತ್ತೋಕೆ. ಇಲ್ಲಿ ಕಲಿಯೋರೆಲ್ಲ ಮೊದಲನೇ ಮೂರ್ತಿ ಹಾಗೇ ಮಾಡೋದು. ನಾನೇ ಕೊಟ್ಟೆ ಕಣಮ್ಮ, ಈ ಪಾಪಿ ಕೈಯಿಂದಲೇ."

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಮೂರ್ತಿಯನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆದು, ಸಾಕ್ಷ್ಯ ಸಂಖ್ಯೆ 1 ಎಂದು ಚೀಟಿ ಕಟ್ಟಿದರು. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಮೀನು ಹಿಡಿದು ನಿಂತ ಮೊಳದುದ್ದದ ರಫಾಯೇಲ. ಹಳೆಯ ಫೋಟೋಗಳನ್ನು ತರಿಸಿದರೆ ಎಲ್ಲವೂ ಮೆರವಣಿಗೆಯವು. ಹೂವಿನ ರಾಶಿಯ ನಡುವೆ ಸಂತನ ಮೂಗು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅಕ್ಟೋಬರ್ 11, ಬೆಳಗ್ಗೆ 10.15. ಮೂರ್ತಿ ಪರೀಕ್ಷಿಸಲು ಸೆಲೆಸ್ತಿನೊ ಮೊಂಡ್ರಗೋನ್ ಮೇಷ್ಟ್ರನ್ನು ಕರೆಸಲಾಯಿತು. ವಯಸ್ಸು ಎಪ್ಪತ್ತಾರು. ಊರಿನಲ್ಲಿ ಉಳಿ ಹಿಡಿಯುವ ಅಷ್ಟೂ ಜನ ಅವರ ಶಿಷ್ಯರು. ಒದಿಲಿಯಾಳ ಅಪ್ಪನ ಗೋರಿಯ ಶಿಲುಬೆಯನ್ನೂ ಬಿಡಿಗಾಸು ಮುಟ್ಟದೆ ಕೆತ್ತಿಕೊಟ್ಟವರು ಅವರೇ.

ಮೇಷ್ಟ್ರು ಮೂರ್ತಿಯ ಬೆನ್ನು, ಭುಜ, ಮೀನು ಎಲ್ಲದರ ಮೇಲೂ ಹೆಬ್ಬೆರಳು ಎಳೆದರು.

"ಇದು ಅಸಲು ಕೆತ್ತಿದ ಹಳೇ ಉಸ್ತಾದರ ಕೈ ಅಲ್ಲ."

"ಮತ್ತೆ ಯಾರ ಕೈ ಮೇಷ್ಟ್ರೇ?"

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಬರ್ನಿ ಕೈ," ಎಂದರು. ಹೇಳಿಕೆಗೆ ಸಹಿ ಹಾಕಿ, ಹಿಂತಿರುಗಿ ನೋಡದೆ ಹೊರಟುಹೋದರು.

ಮರುದಿನ ಬೆಳಗ್ಗೆ 8ಕ್ಕೆ ಬರ್ನಿ ಎಂಬ ಬರ್ನಾರ್ದಿತಾ ಆರ್ಚುಲೆತಾಳ ಬಂಧನವಾಯಿತು. ವಯಸ್ಸು ಮೂವತ್ತೇಳು, ಶಾಲಾ ಬಸ್ಸಿನ ಚಾಲಕಿ, ಮೂರು ವರ್ಷದಿಂದ ಕೆತ್ತನೆ ಕಲಿಯುತ್ತಿದ್ದವಳು. ಸುದ್ದಿ ಹರಡಿದ್ದೇ ತಡ, ಮಧ್ಯಾಹ್ನದೊಳಗೆ ಅವಳ ಮನೆಯ ಕಿಟಕಿಗೆ ಕಲ್ಲು ಬಿತ್ತು. ನಿನ್ನೆಯವರೆಗೆ ಅವಳ ಬಸ್ಸಿಗೆ ಮಕ್ಕಳನ್ನು ಹತ್ತಿಸುತ್ತಿದ್ದ ತಾಯಂದಿರೇ ಬಾಗಿಲ ಮುಂದೆ ನಿಂತು ಉಗಿದು ಹೋದರು.

"ಅಸಲು ಮೂರ್ತಿ ಎಲ್ಲಿ?"

"ನಾನು ನೋಡಿದ್ದೇ ಇದನ್ನ ಮೇಡಂ. ಇದ್ದಿದ್ದನ್ನ ಇದ್ದ ಹಾಗೆ ನಂದೊಂದು ಕೆತ್ಕೊಂಡು, ಇದನ್ನ ವಾಪಸ್ ಕೊಟ್ಟೆ."

"ಮೇಷ್ಟ್ರು ನಿನ್ನ ಕೈ ಅಂತ ಬರ್ಕೊಟ್ಟಿದಾರೆ."

"ಮೇಷ್ಟ್ರಾ? ನಮ್ಮ ಮೇಷ್ಟ್ರಾ?" ಎಂದು ಬರ್ನಿ ಎರಡು ಸಲ ಕೇಳಿದಳು. ಆಮೇಲೆ ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಅದೇ ಒದಿಲಿಯಾಳನ್ನು ಕೊರೆಯತೊಡಗಿತು.

"ನೀನು ಮಾಡಿದ ಪ್ರತಿ ಎಲ್ಲಿದೆ?"

"ಅಜ್ಜಿ ಹತ್ರ. ಮೊದಲನೇ ಮೂರ್ತಿ ಮಾರೋ ಹಾಗಿಲ್ಲ, ಮನೆ ಹಿರಿಯಳಿಗೇ ಕೊಡ್ಬೇಕು. ಹೋಗಿ ನೋಡಿ, ಸೊಂಟದ ಗಂಟು ಎಡಗಡೆ ಇದೆ. ಅದೊಂದೇ ನನ್ನ ಗುರುತು."

"ಗುರುತು ಅಂದ್ರೆ?"

"ಮೇಷ್ಟ್ರು ಮೊದಲನೇ ದಿನಾನೇ ಹೇಳೋದು. ಸಂತ ದೇವರದ್ದು, ಕೈ ಹಿರಿಯರದ್ದು, ಒಂದು ಗುರುತು ಮಾತ್ರ ನಿಂದು. ಅದನ್ನೂ ಹಾಕ್ದೆ ಇದ್ರೆ ಅದು ಕಲಿಕೆ ಅಲ್ಲ, ಕಳ್ಳತನ ಅಂತ. ಎರಡು ಗುರುತು ಹಾಕಿದ್ರೆ ಉಳೀನೇ ಕಿತ್ಕೊಳ್ತಾರೆ, ಅದು ಕೊಬ್ಬು ಅಂತ."

ಅಕ್ಟೋಬರ್ 13, ಮಧ್ಯಾಹ್ನ 2.30. ಒದಿಲಿಯಾ ಮತ್ತು ಪೇದೆ ತಫೋಯಾ ಬರ್ನಿಯ ಅಜ್ಜಿ ಹೆನೊವೆವಾಳ ಮನೆಗೆ ಹೋದರು. ಅಲ್ಲೂ ಅಡುಗೆಮನೆಯ ಒಡೆದ ಕಿಟಕಿಗೆ ರಟ್ಟು ಬಡಿದಿತ್ತು. ಒಲೆಯ ಮೇಲೆ ಹುರುಳಿಕಾಯಿ ಬೀಜ ಬೇಯುತ್ತಿತ್ತು. ತೊಂಬತ್ತೊಂದರ ಮುದುಕಿ ಸೌಟು ಹಿಡಿದೇ ಬಾಗಿಲು ತೆಗೆದಳು.

"ಬನ್ನಿ, ಬನ್ನಿ. ಕಲ್ಲು ಹೊಡೆದೋರು ಆಗ್ಲೇ ಬಂದು ಹೋದ್ರು, ನೀವೇ ತಡ."

ತಫೋಯಾ ತಲೆ ತಗ್ಗಿಸಿದ. ಗೋಡೆಯ ಗೂಡಿನಲ್ಲಿ ಎರಡು ರಫಾಯೇಲರಿದ್ದರು. ಒಂದು ಬರ್ನಿಯದು, ಸೊಂಟದ ಗಂಟು ಎಡಕ್ಕೆ. ಇನ್ನೊಂದು ಹಳೆಯದು, ಹೊಗೆಗೆ ಕಪ್ಪಾಗಿತ್ತು. ತಳದಲ್ಲಿ 1958 ಎಂದು ಕೊರೆದಿತ್ತು.

"ಇದು ಯಾರದಜ್ಜಿ?"

"ನನ್ನ ಯಜಮಾನರದ್ದು. ಅತ್ತೆಗೆ ಕೊಟ್ಟಿದ್ದು, ಅವರು ಹೋದ್ಮೇಲೆ ನನಗೆ ಬಂತು."

ಒದಿಲಿಯಾ ಎರಡನ್ನೂ ಬೆಳಕಿಗೆ ಹಿಡಿದಳು. ಅಜ್ಜ ಕೆತ್ತಿದ ಸಂತನ ಕೈಯ ಮೀನು ಬಾಯಿ ತೆರೆದುಕೊಂಡಿತ್ತು. ಬರ್ನಿಯ ಮೀನು ಬಾಯಿ ಮುಚ್ಚಿತ್ತು. ಠಾಣೆಯಲ್ಲಿದ್ದ ಇಗರ್ಜಿಯ ಮೂರ್ತಿಯ ಮೀನೂ ಬಾಯಿ ಮುಚ್ಚಿತ್ತು.

"ಮೀನಿನ ಬಾಯಿ ತೆರೆದಿರೋದು ಅಜ್ಜನ ಗುರುತು ಅಲ್ವಾ?"

"ಅಯ್ಯೋ, ಅವರ ಗುರುತು ಕಾಲು! ನೋಡು, ಬರಿಗಾಲು. ಇಗರ್ಜಿ ಸಂತನಿಗೆ ಬೂಟಿದೆ. ನಮ್ಮೋರಿಗೆ ಬೂಟು ಕೊಳ್ಳೋಕೆ ಗತಿ ಇರ್ಲಿಲ್ಲ, ಸಂತನಿಗ್ಯಾಕೆ ಅಂದಿದ್ರು." ಮುದುಕಿ ನಕ್ಕು, ತಕ್ಷಣ ಸೆರಗಿನಂತೆ ಶಾಲನ್ನು ಬಾಯಿಗೆ ಒತ್ತಿಕೊಂಡಳು.

ಒಬ್ಬನಿಗೆ ಒಂದೇ ಗುರುತು. ಅಜ್ಜ ತನ್ನ ಗುರುತನ್ನು ಕಾಲಿಗೆ ಹಾಕಿದ್ದನೆಂದರೆ ಮೀನನ್ನು ಕಂಡಂತೆಯೇ ಕೆತ್ತಿರಬೇಕು. 1958ರಲ್ಲಿ ಇಗರ್ಜಿಯ ಮೀನು ಬಾಯಿ ತೆರೆದಿತ್ತು.

"ತಫೋಯಾ, ಊರಲ್ಲಿ ಇಂಥವು ಎಷ್ಟಿವೆ?"

"ಮನೆಮನೇಲೂ ಇವೆ ಮೇಡಂ. ನಮ್ಮಮ್ಮನ ಹಾಸಿಗೆ ಪಕ್ಕಾನೂ ಒಂದಿದೆ, ನಮ್ಮ ಮಾವಂದು."

"ಎಲ್ಲಾ ಬೇಕು. ಕಿತ್ಕೊಂಡು ಬರಬೇಡ, ಕೇಳಿ ತಗೊಂಡು ಬಾ."

ಅಕ್ಟೋಬರ್ 16, ಸೋಮವಾರ, ಬೆಳಗ್ಗೆ 9.30. ಠಾಣೆಯ ಉದ್ದನೆಯ ಮೇಜಿನ ಮೇಲೆ ಹನ್ನೊಂದು ರಫಾಯೇಲರು ನಿಂತರು. ಪಂಚರಾಗಿ ಅಂಚೆ ಕಚೇರಿಯವರೂ ಪೆಟ್ರೋಲ್ ಬಂಕಿನ ಒಡತಿಯೂ ಬಂದಿದ್ದರು. ತಫೋಯಾ ಒಂದೊಂದರ ತಳ ನೋಡಿ ಇಸವಿ ಕೂಗಿದ, ಒದಿಲಿಯಾ ಬರೆದುಕೊಂಡಳು. 1951, ಬಾಯಿ ತೆರೆದಿದೆ. 1958, ತೆರೆದಿದೆ. 1963, ತೆರೆದಿದೆ. 1970, ತೆರೆದಿದೆ. 1974, ಮುಚ್ಚಿದೆ. ಅಲ್ಲಿಂದ ಈ ವರ್ಷದ ಬರ್ನಿಯ ಮೂರ್ತಿಯವರೆಗೆ ಆರಕ್ಕೆ ಆರೂ ಮುಚ್ಚಿದ್ದವು. ಗಂಟು, ರೆಕ್ಕೆ, ದೊಣ್ಣೆ ಎಂದು ಒಬ್ಬೊಬ್ಬರ ಗುರುತು ಬೇರೆಬೇರೆ ಕಡೆ ಇತ್ತು. ಮೀನು ಮಾತ್ರ ಒಂದೇ ತರಹ. ಒಂದೇ ತರಹ ಇದ್ದುದರಿಂದಲೇ ಅದನ್ನು ಯಾರೂ ನೋಡಿರಲಿಲ್ಲ.

"ಅಂದ್ರೆ ಎಪ್ಪತ್ತರಿಂದ ಎಪ್ಪತ್ತನಾಲ್ಕರೊಳಗೆ ಬದಲಾಗಿದೆ," ಎಂದಳು ಒದಿಲಿಯಾ. ಬರ್ನಿ ಆಗ ಹುಟ್ಟಿಯೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವಳು ತಾನೇ ಎಂಬುದು ಅವಳಿಗೆ ಅರ್ಥವಾಯಿತು.

"ಮೇಡಂ, ಇದೊಂದು ಲೆಕ್ಕಕ್ಕೆ ಕೂರ್ತಿಲ್ಲ." ತಫೋಯಾ ಕೊನೆಯದನ್ನು ಎತ್ತಿದ. "ಇಸವಿ 1966. ಬಾಯಿ ಮುಚ್ಚಿದೆ. ಗಂಟು ಸರಿ, ಬೂಟು ಸರಿ, ರೆಕ್ಕೆ ಸರಿ. ಬೇರೆ ಗುರುತೇ ಇಲ್ಲ."

ಮುಚ್ಚಿದ ಬಾಯಿಯೇ ಅದನ್ನು ಕೆತ್ತಿದವನ ಗುರುತು, ಇಗರ್ಜಿಯ ಸುಳ್ಳು ಮೂರ್ತಿಯೂ ಅವನ ಕೈಯದೇ. ಕೋಣೆಯಲ್ಲಿದ್ದ ಎಲ್ಲರಿಗೂ ಅದು ಒಟ್ಟಿಗೇ ಹೊಳೆಯಿತು. ಆ ಮೂರ್ತಿಯನ್ನು ತಂದುಕೊಟ್ಟು ಅಲ್ಲೇ ನಿಂತಿದ್ದವಳು ಪೆತ್ರಾ. ಅವಳು ತಫೋಯಾನ ಕೈ ತಡೆದಳು.

"ಅದು ನಮ್ಮಮ್ಮನಿಗೆ ಕೊಟ್ಟಿದ್ದು... ಅವನಿಗೆ ಹೆತ್ತಮ್ಮ ಇರ್ಲಿಲ್ಲ, ನಮ್ಮಮ್ಮನೇ ಜ್ಞಾನಸ್ನಾನದ ತಾಯಿ. ಅಯ್ಯೋ ದೇವರೇ, ಬೇಡ. ಓದಬೇಡಪ್ಪ."

ತಫೋಯಾ ತಳ ತಿರುಗಿಸಿ ಇಸವಿಯ ಕೆಳಗಿನ ಹೆಸರು ಓದಿದ. "ಸೆಲೆಸ್ತಿನೊ ಮೊಂಡ್ರಗೋನ್."

ಇಗರ್ಜಿಯ ಹಳೇ ಪುಸ್ತಕ ತೆಗೆಸಿದಾಗ 1973ರ ಮೊಕ್ತೇಸರನ ಹೆಸರೂ ಅದೇ ಇತ್ತು.

ಬೆಳಗ್ಗೆ 11.40. ಮೇಷ್ಟ್ರು ತಮ್ಮ ಕೊಟ್ಟಿಗೆಯಲ್ಲಿ ಮರದ ಬೇರಿನ ತೊಗಟೆ ಸುಲಿಯುತ್ತಿದ್ದರು. ಒದಿಲಿಯಾ ಎರಡು ಮೂರ್ತಿಗಳನ್ನು ಅವರ ಮುಂದಿಟ್ಟಳು. 1966ರದ್ದು ಮತ್ತು ಸಾಕ್ಷ್ಯ ಸಂಖ್ಯೆ 1.

"ಎರಡೂ ಮೀನು ಒಂದೇ ಕೈದು ಮೇಷ್ಟ್ರೇ."

ಅವರು ಉಳಿ ಕೆಳಗಿಟ್ಟರು. "ಹೌದು."

"ಅಸಲು ಎಲ್ಲಿ?"

ಅವರು ಎದ್ದು, ಬೇರುಗಳ ರಾಶಿಯ ಹಿಂದಿನಿಂದ ಹಿಟ್ಟಿನ ಚೀಲವೊಂದನ್ನು ಮಗುವನ್ನು ಎತ್ತುವಂತೆ ಎತ್ತಿ ತಂದರು. ಒಳಗೆ ರಫಾಯೇಲನಿದ್ದ. ಬಣ್ಣ ಮಾಸಿತ್ತು, ಎಡಗೆನ್ನೆಯಲ್ಲಿ ಬಿರುಕಿತ್ತು, ಮೀನು ಬಾಯಿ ತೆರೆದಿತ್ತು.

"ನಾನು ಮೊಕ್ತೇಸರ ಆಗಿದ್ದ ವರ್ಷ ಊರೂರಲ್ಲೂ ಸಂತರನ್ನ ಕದೀತಿದ್ರು. ಕೀಲಿ ನನ್ನ ಕೈಲಿತ್ತು. ಹೆದರಿಕೆ ಆಯ್ತು. ಒಂದು ಪ್ರತಿ ಮಾಡಿ ಪೀಠದ ಮೇಲಿಟ್ಟು ಇದನ್ನ ಬಚ್ಚಿಟ್ಟೆ. ಹಬ್ಬ ಮುಗಿದ ಮೇಲೆ ವಾಪಸ್ ಇಡೋಣ ಅಂತಲೇ ಇದ್ದೆ."

"ಯಾಕೆ ಇಡ್ಲಿಲ್ಲ?"

"ಹಬ್ಬದ ದಿನ ನಮ್ಮ ಗುರು ಡಾನ್ ಅಬ್ರಾನ್ ಬಂದ್ರು. ಏಳು ವರ್ಷ ಅವರ ಹತ್ರ ಕಲಿತಿದ್ದೆ. ನಂದು ಸೌದೆ ಒಡೆಯೋ ಕೈ ಅಂತಿದ್ರು, ಒಂದು ದಿನಾನೂ ಚೆನ್ನಾಗಿದೆ ಅಂದೋರಲ್ಲ. ನಾನು ಮಾಡಿದ ಸಂತನನ್ನೇ ಅಸಲು ಅಂದ್ಕೊಂಡು ಅದರ ಮುಂದೆ ಮಂಡಿಯೂರಿ ಅತ್ತುಬಿಟ್ರು. ಆಮೇಲೆ ನನ್ನ ಕತ್ತು ಹಿಡಿದು ತೋರಿಸಿದ್ರು. ನೋಡೋ, ಕೈ ಅಂದ್ರೆ ಇದು, ಏಳು ಜನ್ಮ ಎತ್ತಿದ್ರೂ ನಿನಗೆ ಬರಲ್ಲ ಅಂದ್ರು."

ಮೇಷ್ಟ್ರು ಖಾಲಿ ಚೀಲ ಮಡಿಸಿದರು. "ಸತ್ಯ ಹೇಳಿದ್ರೆ ಆ ಹೊಗಳಿಕೆ ಹೋಗ್ಬಿಡ್ತಿತ್ತು. ಆಮೇಲೆ ಅವರು ತೀರ್ಕೊಂಡ್ರು. ಹೇಳೋದು ಯಾರಿಗೆ?"

"ಕದ್ದುಮುಚ್ಚಿ ಮಾಡಿದ ಮೂರ್ತಿಗೂ ನಿಮ್ಮ ಗುರುತು ಹಾಕಿದ್ರಲ್ಲ, ಯಾಕೆ?"

ಮೇಷ್ಟ್ರು ನಿಜಕ್ಕೂ ಬೆಚ್ಚಿ ಅವಳನ್ನು ನೋಡಿದರು. "ಗುರುತು ಹಾಕ್ದೆ ಇರೋಕಾಗುತ್ತಾ? ನಾನೇನು ಕಳ್ಳನಾ?"

"ಬರ್ನಿ ಕೈ ಅಂತ ಸಹಿ ಹಾಕಿದ್ರಿ."

"ಅವಳ ಕೈ ನನ್ನ ಕೈ ಥರಾನೇ ಇದೆಯಮ್ಮ. ಐವತ್ತು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾರೂ ಕಲೀಲಿಲ್ಲ." ಒದಿಲಿಯಾಳಿಗೆ ಸಿಟ್ಟಿನಿಂದ ಕಣ್ಣು ತುಂಬಿ ಬಂತು. ಆ ಮಾತನ್ನು ಹೊಗಳಿಕೆಯಾಗಿ ಹೇಳಲು ಈ ಮನುಷ್ಯನಿಗೆ ಮೂರು ವರ್ಷ ಸಮಯವಿತ್ತು, ಅದನ್ನು ಸಾಕ್ಷಿಯಾಗಿ ಹೇಳಿ ಅವಳನ್ನು ಒಳಗೆ ಹಾಕಿಸಿದ್ದ.

ಮಧ್ಯಾಹ್ನ 12.25ಕ್ಕೆ ಬಂಧನ. ಪೊಲೀಸರಿಗೆ ಸುಳ್ಳು ಹೇಳಿಕೆ ಮತ್ತು ಇಗರ್ಜಿಯ ಸೊತ್ತನ್ನು ಬಚ್ಚಿಟ್ಟದ್ದು, ಎರಡು ಆರೋಪ. ತಫೋಯಾ ಮುದುಕನಿಗೆ ಕೈಕೋಳ ಹಾಕಲಾರದೆ ನಿಂತ. ಅವರೇ ಎರಡೂ ಕೈ ಮುಂದೆ ಮಾಡಿದರು.

ಸಂಜೆ 4.10ಕ್ಕೆ ಬರ್ನಿಯ ಬಿಡುಗಡೆಯಾಯಿತು. ಒದಿಲಿಯಾ ಕ್ಷಮೆ ಕೇಳಿದಳು. ಬರ್ನಿ ಮೇಜಿನ ಕಡೆ ಕೈ ತೋರಿಸಿದಳು.

"ಎರಡನ್ನೂ ಒಂದ್ಸಲ ನೋಡ್ಲಾ?"

ಮೇಜಿನ ಮೇಲೆ ಇಬ್ಬರು ರಫಾಯೇಲರು ಅಕ್ಕಪಕ್ಕ ನಿಂತಿದ್ದರು, ಒಬ್ಬ ಇನ್ನೂರು ವರ್ಷದವನು, ಒಬ್ಬ ಐವತ್ತರವನು. ಬರ್ನಿ ಬಗ್ಗಿ ಬಹಳ ಹೊತ್ತು ನೋಡಿದಳು. ಅಸಲಿನ ಬಿರುಕಿನ ಮೇಲೆ ಬೆರಳಾಡಿಸಿದಳು. ಆಮೇಲೆ ಸುಳ್ಳು ಮೂರ್ತಿಯ ಮೀನನ್ನು, ಮೇಷ್ಟ್ರು ಕಲಿಸಿದ ಹಾಗೆಯೇ, ಬಾಲದಿಂದ ತಲೆಯವರೆಗೆ ಹೆಬ್ಬೆರಳಲ್ಲಿ ಸವರಿದಳು.

"ಮೀನು ಇವರದ್ದೇ ಚೆನ್ನಾಗಿದೆ," ಎಂದಳು ಮೆಲ್ಲಗೆ.

ಬರ್ನಿ ಕೋಟಿನ ಗುಂಡಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ಇದನ್ನ ಅವರಿಗೆ ಹೇಳ್ಬೇಡಿ."

ಮುದುಕ ಇದ್ದ ಕೋಣೆ ಅಲ್ಲಿಂದ ಹತ್ತೇ ಹೆಜ್ಜೆ. ಸಂಜೆ 5ಕ್ಕೆ ಒದಿಲಿಯಾ ಅವರಿಗೆ ಕಾಫಿ ಒಯ್ದು ಕೊಟ್ಟಳು. "ಹುಡುಗಿ ಏನಾದ್ರೂ ಅಂದ್ಲಾ?" ಎಂದು ಅವರು ಕೇಳಿದರು.

"ಏನೂ ಅನ್ಲಿಲ್ಲ," ಎಂದು ಹೇಳಿ ಅವಳು ಬಾಗಿಲು ಮುಚ್ಚಿದಳು.